ಸೊಂಟದಿಂದ ಹಿಮ್ಮಡಿಯವರೆಗೆ

ಸೊಂಟ ಹಿಡಿದವರ ನಡುವೆ ಬದುಕಿದವನು ನಗುವುದಕ್ಕೆ ಬೇರೆ ಜಾಗ ಹುಡುಕಬೇಕಾಗಿಲ್ಲ. ಬೇಡವೆಂದರೂ ನಗುವ ಸಂಗತಿಗಳು ಕುಂಟುತ್ತ ಕುಂಟುತ್ತ ಬಾಗಿಲಿಗೇ ಬರುತ್ತವೆ. ಆದರೆ ಎದುರಿಗೆ ನಗುವ ಹಾಗಿಲ್ಲ. ನೋವು ತಿನ್ನುವವನ ಮುಂದೆ ನಕ್ಕರೆ ಅವನು ಹೊಡೆಯಲಾರ, ಕೈ ಬೀಸಿದರೆ ಸೊಂಟ ಹಿಡಿಯುತ್ತದೆ. ಆದರೆ ಶಾಪ ಹಾಕುವುದಕ್ಕೆ ಸೊಂಟ ಬೇಕಾಗುವುದಿಲ್ಲವಲ್ಲ. ಹಾಗಾಗಿ ಅಂದು ಹಲ್ಲು ಕಚ್ಚಿ ತಡೆದುಕೊಂಡ ನಗುವನ್ನೆಲ್ಲ ಈಗ ಕೂತು ನಗುತ್ತಿದ್ದೇನೆ.

ಲಡಾಯಿಯ ಕಾಲದಲ್ಲಿ ನಾನು ಪುಣೆಯ ಒಂದು ಮಿಲಿಟರಿ ಆಸ್ಪತ್ರೆಯಲ್ಲಿ ವಾರ್ಡ್ ಬಾಯ್ ಆಗಿದ್ದೆ. ಗಾಯಗೊಂಡ ಸಿಪಾಯಿಗಳ ಕೈಕಾಲು ನೀವಿ, ಮಡಚಿ, ಚಾಚಿ, ಅವರನ್ನು ಮತ್ತೆ ನಡೆಯುವ ಹಾಗೆ ಮಾಡುವ ವಿಭಾಗವೊಂದು ಅಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಬಿಳಿ ಮೇಡಂ. ಅವರಿಗೆ ನಮ್ಮ ಭಾಷೆ ಬಾರದು, ನನಗೆ ಅವರದು ಬಾರದು. ಆದರೂ ತಪ್ಪು ಜಾಗದಲ್ಲಿ ಒತ್ತಿದರೆ ಕೈಮೇಲೆ ಏಟು ಬೀಳುತ್ತಿದ್ದುದರಿಂದ ವಿದ್ಯೆ ಚೆನ್ನಾಗಿಯೇ ಹತ್ತಿತು.

ಲಡಾಯಿ ಮುಗಿದು ಕುಂದಾಪುರಕ್ಕೆ ಬಂದೆ. ನಮ್ಮೂರ ಡಾಕ್ಟರೊಬ್ಬರು ತಮ್ಮ ದವಾಖಾನೆಯ ಪಕ್ಕದ ಕೋಣೆಯಲ್ಲಿ ನನಗೊಂದು ಬೆಂಚು ಹಾಕಿಕೊಟ್ಟರು. ಸೊಂಟದಲ್ಲಿ ಶುರುವಾಗಿ ತೊಡೆಯ ಹಿಂಬದಿಯಲ್ಲಿ ಇಳಿದು ಹಿಮ್ಮಡಿಯವರೆಗೂ ಸೆಳೆಯುವ ನೋವು ಇದೆಯಲ್ಲ, ಡಾಕ್ಟರು ಅದನ್ನು ಸಯಾಟಿಕಾ ಎನ್ನುತ್ತಿದ್ದರು. ಆಯುರ್ವೇದದ ಪಂಡಿತರು ಗೃಧ್ರಸಿ ಎನ್ನುತ್ತಿದ್ದರು. ಊರವರಿಗೆ ಅದು ಬರೀ ವಾಯು. ಅಂಥವರನ್ನೆಲ್ಲ ಡಾಕ್ಟರು ನನ್ನ ಬೆಂಚಿಗೆ ದಾಟಿಸುತ್ತಿದ್ದರು.

ಅಪ್ಪಯ್ಯನಿಗೆ ಈ ಕೆಲಸ ಸುತರಾಂ ಹಿಡಿಸಲಿಲ್ಲ. "ಲಡಾಯಿಗ್ ಹೋಯ್ ಬಂದವ ಊರಂಗೆ ಕೂಕಂಡ್ ಜನ್ರ ಕಾಲ್ ಒತ್ತುದಾ?" ಎಂದರು. "ದೀಪಾವಳಿಗೆ ನಿನ್ ಮಾವ ಬೊಂಬಾಯಿಂದ ಬತ್ತ್ರ್. ಅಷ್ಟ್ರೊಳಗೆ ನಾಕ್ ಜನ 'ಇವ ಸೊಂಟ ಸಮ ಮಾಡ್ದ' ಅಂದೇಳಿ ಹೇಳುದ್ ನನ್ ಕಿವಿಗ್ ಬೀಳ್ಕ್. ಇಲ್ದಿರೆ ಅವ್ರೊಟ್ಟಿಗ್ ಹೋಯ್ ಹೋಟ್ಲಂಗೆ ಚಾ ಕೊಡ್."

ಮಾವನೆಂದರೆ ಅಬ್ಬಿಯ, ಅಂದರೆ ನನ್ನ ತಾಯಿಯ ತಮ್ಮ, ಬೊಂಬಾಯಿಯಲ್ಲಿ ಚಾದ ಹೋಟ್ಲು ಇಟ್ಟವರು. ಅಲ್ಲಿಗೆ ಹೋದರೆ ರಾತ್ರಿ ಮಲಗುವುದು ಹೋಟ್ಲಿನ ಬೆಂಚಿನ ಮೇಲೆ. ಹೆಂಡತಿಯನ್ನು ಕರೆದುಕೊಂಡು ಹೋಗುವ ಮಾತೇ ಇಲ್ಲ. ನನಗೆ ಮದುವೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅಪ್ಪಯ್ಯನ ಮಾತು ಬಿದ್ದ ದಿನ ಹೆಂಡತಿ ಗಂಜಿಗೆ ಉಪ್ಪು ಬಡಿಸುವುದನ್ನೇ ಮರೆತಳು, ನಾನು ಕೇಳುವುದನ್ನು ಮರೆತೆ. ಅವಳನ್ನು ಬಿಟ್ಟು ಹೋಗಲು ನನಗೆ ಎಳ್ಳಷ್ಟೂ ಮನಸ್ಸಿರಲಿಲ್ಲ. ನಾಲ್ಕು ಜನರ ಬಾಯಿಂದ ಒಂದು ಒಳ್ಳೆಯ ಮಾತು ಬರಬೇಕು, ಅಷ್ಟೇ ತಾನೆ ಎಂದುಕೊಂಡೆ. ನಮ್ಮೂರ ಬಾಯಿಗಳ ಪರಿಚಯ ನನಗೆ ಇನ್ನೂ ಸರಿಯಾಗಿ ಆಗಿರಲಿಲ್ಲ.

ಪಥ್ಯ

ಮೊದಲಿಗೆ ಬಂದವರು ಕೋಟೇಶ್ವರದ ಒಬ್ಬ ಜಿನಸಿ ಅಂಗಡಿಯವರು. ದಿನವಿಡೀ ತಕ್ಕಡಿಯ ಮುಂದೆ ಬಗ್ಗಿ ಕೂತು ಎಡಗಾಲಿಗೆ ಸೆಳೆತ ಇಳಿದಿತ್ತು. ನಾನು ಅವರನ್ನು ಬೆಂಚಿನ ಮೇಲೆ ಮಲಗಿಸಿ, ಬಿಸಿ ಮರಳಿನ ಗಂಟಿನಿಂದ ಶಾಖ ಕೊಟ್ಟು, ಸೊಂಟ ನೀವಿದೆ. ಆಮೇಲೆ ಕವುಚಿ ಮಲಗಿ ಮೊಣಕೈ ಊರಿ ಎದೆ ಎತ್ತುವುದು, ಅಂಗಾತ ಮಲಗಿ ಕಾಲನ್ನು ನಿಧಾನವಾಗಿ ಎತ್ತಿ ಇಳಿಸುವುದು, ಎಲ್ಲ ತೋರಿಸಿದೆ. ಬೆಳಿಗ್ಗೆ ಸಂಜೆ ಮನೆಯಲ್ಲೂ ಹೀಗೇ ಮಾಡಬೇಕು ಎಂದೆ. ಅವರು ಎದ್ದು ಅಂಗಿ ಹಾಕಿಕೊಂಡರು. ಹೋಗುವ ಲಕ್ಷಣ ಕಾಣಲಿಲ್ಲ.

"ಮದ್ದ್?" ಎಂದರು.

"ಇದೇ ಮದ್ದ್."

"ಅದಲ್ಲ, ಕುಡುಕೆ?"

"ಕುಡುಕ್ ಎಂತದೂ ಇಲ್ಲೆ."

"ಹೋಯ್ಲಿ, ಪಥ್ಯ ಎಂತ?"

"ಪಥ್ಯ ಇಲ್ಲೆ. ಎಲ್ಲಾ ತಿನ್ಲಕ್ಕ್."

ಅವರ ಮುಖ ಇಳಿದುಹೋಯಿತು. "ಎಲ್ಲಾ ತಿನ್ಲಕ್ಕ್ ಅಂದ್ರೆ ಅದ್ ಎಂಥಾ ಮದ್ದ್ ಮಾರಾಯ್ರೆ! ನೆಗಡಿಗೂ ಒಂದ್ ಪಥ್ಯ ಇತ್ತಲ್ದಾ?"

ನಮ್ಮ ಕಡೆ ಪಂಡಿತನಿಲ್ಲದೆ ಮದ್ದು ನಡೆದೀತು, ಪಥ್ಯವಿಲ್ಲದೆ ನಡೆಯದು. ಮೊದಲ ಗಿರಾಕಿ ಕೈತಪ್ಪುತ್ತಾನೆಂದು ಹೆದರಿ, "ಬದ್ನಿಕಾಯಿ ಮುಟ್ಟುಕಾಗ" ಎಂದುಬಿಟ್ಟೆ. ಮುಖ ಸ್ವಲ್ಪ ಅರಳಿತು. "ಹುಳಿ?" ಎಂದರು. ಹುಳಿಯೂ ಆಗದು ಎಂದೆ. "ಮೊಸರ್?" ಅದೂ ಆಗದು. "ಬಂಗ್ಡೆ?" ಬಂಗ್ಡೆ ಮೀನಿನ ಸುದ್ದಿಯೇ ಬೇಡ ಎಂದೆ. ಒಂದೊಂದು ಬೇಡಕ್ಕೂ ಅವರಿಗೆ ನನ್ನ ಮೇಲೆ ಒಂದೊಂದು ಮಣ ವಿಶ್ವಾಸ ಏರುತ್ತಾ ಹೋಯಿತು. ಕೋಣೆಯಿಂದ ಹೊರಡುವಾಗ ಅವರ ಪಾಲಿಗೆ ಗಂಜಿ ಮತ್ತು ಹೆಸರುಬೇಳೆ ಬಿಟ್ಟು ಬೇರೇನೂ ಉಳಿದಿರಲಿಲ್ಲ, ಮುಖದಲ್ಲಿ ಮಾತ್ರ ಮದುವೆಮನೆಯ ಕಳೆ.

ಕೆಲವು ದಿನ ಬಿಟ್ಟು ಬಂದರು. ಮೈ ಇಳಿದಿತ್ತು, ನೋವು ಇಳಿದಿರಲಿಲ್ಲ. ನೆಂಟರ ಮನೆಯ ಊಟದಲ್ಲೂ ಬದನೆ ಮುಟ್ಟಲಿಲ್ಲ, ಹೆಂಡತಿ ಮಕ್ಕಳು ಎದುರಿಗೆ ಬಂಗಡೆ ಸುಟ್ಟುಕೊಂಡು ತಿಂದರೂ ಕಣ್ಣೆತ್ತಿ ನೋಡಲಿಲ್ಲ ಎಂದು ವಿವರವಾಗಿ ಹೇಳಿದರು.

"ಅದ್ ಸೈ. ಕಸರತ್ತ್ ಮಾಡಿದ್ರ್ಯಾ?" ಎಂದೆ.

ಅವರು ನನ್ನನ್ನು ದಯೆದಾಕ್ಷಿಣ್ಯ ಇಲ್ಲದವನನ್ನು ನೋಡುವಂತೆ ನೋಡಿದರು. "ಇಷ್ಟ್ ಪಥ್ಯ ಹಿಡ್ದವ ಮತ್ತೆ ಕಸರತ್ತ್ ಬೇರೆ ಮಾಡ್ಕಾ?"

ಕೊನೆಗೆ ದಿನಾ ಬೆಂಚಿಗೆ ಕರೆಸಿ ನಾನೇ ನಿಂತು ಮಾಡಿಸಿದೆ. ನೋವು ಹಿಮ್ಮಡಿ ಬಿಟ್ಟು, ತೊಡೆ ಬಿಟ್ಟು, ಪೂರ್ತಿ ಹೋಯಿತು. ಅಂಗಡಿಗೆ ಬಂದವರಿಗೆಲ್ಲ ಅವರು ಸೊಂಟ ಬಗ್ಗಿಸಿ ತೋರಿಸುತ್ತಿದ್ದಾರೆ ಎಂದು ಕೇಳಿ ಖುಷಿಯಾಗಿ, ಅಪ್ಪಯ್ಯನನ್ನು ಯಾವುದೋ ನೆಪದಲ್ಲಿ ಕೋಟೇಶ್ವರಕ್ಕೆ ಕಳಿಸಿದೆ. ಅಪ್ಪಯ್ಯ ಕೇಳಿಕೊಂಡು ಬಂದದ್ದು ಇಷ್ಟು: "ನಾ ಬದ್ನಿಕಾಯಿ ಬಿಟ್ಟೆ, ವಾಯು ನನ್ನ ಬಿಟ್ತ್."

ಒಡೆಯರ ಕಸರತ್ತು

ಬ್ರಹ್ಮಾವರದ ಕಡೆಯ ದೊಡ್ಡ ಮನೆಯ ಒಡೆಯರೊಬ್ಬರಿಗೆ ಇದೇ ನೋವು. ಅವರಂಥವರ ಬಾಯಿಂದ ಒಂದು ಮಾತು ಹೊರಟರೆ ಸಾಕು, ನಾಲ್ಕು ಜನರೇನು, ನಾಲ್ಕು ಗ್ರಾಮ ಕೇಳುತ್ತದೆ. ಪೆಟ್ರೋಲಿನ ಬದಲು ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಹತ್ತಿ, ಏರು ಬಂದಲ್ಲಿ ಇಳಿದು ಅದನ್ನು ತಳ್ಳಿ, ಅಂತೂ ಹೋಗಿ ತಲುಪಿದೆ.

ಒಡೆಯರಿಗೆ ಶಾಖ ಕೊಟ್ಟು, ಪುಣೆಯ ಮೇಡಂ ಕಲಿಸಿದ್ದೆಂದು ಹೇಳಿ, ಚಾಪೆಯ ಮೇಲೆ ನಾನೇ ಮಲಗಿ ಎಲ್ಲ ಕಸರತ್ತನ್ನೂ ಮಾಡಿ ತೋರಿಸಿದೆ. ಅವರು ಎಲೆಯಡಿಕೆ ಮೆಲ್ಲುತ್ತ ಯಕ್ಷಗಾನದ ಆಟ ನೋಡಿದಷ್ಟು ಆಸಕ್ತಿಯಿಂದ ನೋಡಿದರು. "ಲಾಯ್ಕ್ ಮಾಡ್ತೆ ಮಗಾ" ಎಂದು ಹೊಗಳಿದರು. "ಗೊತ್ತಾಯ್ತ್. ಎಲ್ಲಾ ಸಮ ನೆಡಿತ್ತ್, ನೀ ಹೋಯ್ಲಕ್ಕ್" ಎಂದರು. ಇಷ್ಟು ಬೇಗ ಒಪ್ಪಿಕೊಂಡ ರೋಗಿಯನ್ನು ನಾನು ಪುಣೆಯಲ್ಲೂ ಕಂಡಿರಲಿಲ್ಲ.

ಮುಂದಿನ ಸಲ ಹೋದಾಗ ಜಗಲಿಯ ಮೇಲೆ ಅವರ ಒಕ್ಕಲಿನವನೊಬ್ಬ ಕವುಚಿ ಮಲಗಿ, ಬೆವರು ಸುರಿಸುತ್ತ ಎದೆ ಎತ್ತುತ್ತಿದ್ದ. ಒಡೆಯರು ಆರಾಮಕುರ್ಚಿಯಲ್ಲಿ ಕೂತು, "ಎತ್ತ್, ಇನ್ನೊಂಚೂರ್ ಎತ್ತ್" ಎನ್ನುತ್ತಿದ್ದರು.

"ಪಾಪ, ಇವ್ರಿಗೂ ವಾಯುವಾ?" ಎಂದೆ.

"ಇವ್ನಿಗೆಂತ ವಾಯು! ಇವ ಮಾಡುದ್ ನನ್ ಕಸರತ್ತ್."

ನಾನು ತಬ್ಬಿಬ್ಬಾದೆ. "ಒಡೆಯ್ರೆ, ಅದನ್ನ ನೀವೇ ಮಾಡ್ಕ್."

"ಎಂತಕೆ?" ಎಂದರು ಒಡೆಯರು, ನಿಜವಾಗಿಯೂ ತಿಳಿಯದೆ. "ರುದ್ರಪಾಠ ಭಟ್ರ್ ಹೇಳ್ತ್ರ್. ಜಪ ಭಟ್ರ್ ಮಾಡ್ತ್ರ್. ಸೂರ್ಯನಮಸ್ಕಾರ ಪೂರಾ ಅವ್ರೇ ಹಾಕ್ತ್ರ್, ನಾ ಕೂಕಂಡ್ ಕಾಂಬುದ್. ಪುಣ್ಯ ನಂಗ್ ಬತ್ತಿಲ್ಯಾ? ಅಷ್ಟ್ ದೊಡ್ಡ್ ದೇವ್ರೇ ಒಪ್ಕಂಬುವಾಗ ನಿನ್ನ ಪುಣೆ ಮೇಡಂ ಒಪ್ಕಂಬುದಿಲ್ಯಾ?"

ನೀವೂ ಒಂಚೂರು ಮಾಡಿದರೆ ಒಳ್ಳೆಯದು ಎಂದು ಹಲ್ಲುಗಿಂಜಿ, ಸೊಂಟ ನೀವಿ ಬಂದೆ.

ಮತ್ತೆ ಹೋದಾಗ ಒಡೆಯರು ಕೆಂಡಾಮಂಡಲವಾಗಿದ್ದರು. ಅಂಗಳದಲ್ಲಿ ಆ ಒಕ್ಕಲಿನವ ಹುಲ್ಲಿನಲ್ಲಿ ಬಿಗಿದ ಭತ್ತದ ಭಾರದ ಮುಡಿಯನ್ನು ಹೂವಿನ ಬುಟ್ಟಿಯ ಹಾಗೆ ಎತ್ತಿ ಹೆಗಲಿಗೇರಿಸಿಕೊಂಡು ಹೋಗುತ್ತಿದ್ದ. ವರ್ಷಗಟ್ಟಲೆ ಮುಡಿ ಹೊತ್ತು ಅವನಿಗೂ ಸೊಂಟನೋವು ಇತ್ತಂತೆ, ಹೇಳಿಕೊಳ್ಳುವ ರೂಢಿಯಿರಲಿಲ್ಲ. ಈಗ ಅದು ಹೇಳದೆ ಕೇಳದೆ ಹೋಗಿಬಿಟ್ಟಿತ್ತು. ಒಡೆಯರದು ಇದ್ದಲ್ಲೇ ಇತ್ತು.

"ಕಾಣ್ ನೀ ಮಾಡದ್ದ್! ಫಲ ಪೂರಾ ಇವ್ನಿಗೇ ಹೋಯ್ತ್" ಎಂದು ಒಡೆಯರು ನನ್ನ ಮೇಲೆ ಹರಿಹಾಯ್ದರು. "ಶುರು ಮಾಡುಕ್ ಮುಂಚೆ ನನ್ ಹೆಸ್ರ್, ಗೋತ್ರ ಹೇಳ್ಸಿ ಒಂದ್ ಸಂಕಲ್ಪ ಮಾಡ್ಸುಕ್ ನಿಂಗ್ ಎಂತ ಆಯಿತ್ತ್?"

ಬೈಂದೂರಿನ ಕಡಲ ಬದಿ

ಬೈಂದೂರಿನಿಂದ ಬಂದವರು ದೋಣಿಯ ಚುಕ್ಕಾಣಿ ಹಿಡಿಯುವ ಒಬ್ಬ ಹಿರಿಯರು. ಅವರು ಮಾತ್ರ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಜನ. ಆದರೆ ಮನೆಯಲ್ಲಿ ಕವುಚಿ ಮಲಗಿದರೆ ಹೆಂಡತಿ, "ಮುದಿ ಪ್ರಾಯದಂಗೆ ಇದೆಂತ ಅಂಬೆಗಾಲ್" ಎಂದು ನಗುತ್ತಾಳಂತೆ. ಅದಕ್ಕೆ ಅವರು ಯಾರೂ ಇಲ್ಲದ ಹೊತ್ತು ನೋಡಿ ಕಡಲ ಬದಿಯ ಮರಳಿಗೆ ಹೋಗಿದ್ದರು. ಮಿಂದು ಬಂದ ಒದ್ದೆ ಮೈಯಲ್ಲೇ ಕವುಚಿ ಮಲಗಿ, ಎದೆ ಎತ್ತಿ, ನಾನು ಹೇಳಿಕೊಟ್ಟಂತೆ ಬಾಯಿಂದ ಉಸ್ಸೆಂದು ಉಸಿರು ಬಿಡುತ್ತಿದ್ದರು.

ದೂರದಲ್ಲಿ ಬಲೆ ಒಣಗಿಸುತ್ತಿದ್ದವರ ಕಣ್ಣಿಗೆ ಇದು ಬಿತ್ತು. ಒದ್ದೆ ಮೈ, ಕವುಚಿ ಬಿದ್ದದ್ದು, ತಲೆ ಎತ್ತಿ ಏದುಸಿರು ಬಿಡುತ್ತಿರುವುದು. ಕಡಲಲ್ಲಿ ಹುಟ್ಟಿ ಬೆಳೆದವರಿಗೆ ಇನ್ನೇನು ಹೇಳಬೇಕು? "ಹ್ವಾಯ್, ಬನ್ನಿ ಬನ್ನಿ, ಮುಳ್ಗಿದ್ರ್!" ಎಂದು ಕೂಗಿ ಓಡಿ ಬಂದರು. ಇಬ್ಬರು ಕಾಲು ಹಿಡಿದು ತಲೆಕೆಳಗೆ ಎತ್ತಿದರು. ಉಳಿದವರು ನೀರು ಹೊರಗೆ ಬರಲೆಂದು ಬೆನ್ನಿಗೆ ಬಡಿದರು.

"ನಾ ಮುಳುಗ್ಲಿಲ್ಲೆ!" ಎಂದು ಅವರು ತಲೆಕೆಳಗಾಗಿಯೇ ಕೂಗಿದರು.

"ನೀರ್ ತಲಿಗ್ ಹತ್ತಿತ್, ಎಂತೆಂತದೋ ಮಾತಾಡ್ತ್ರ್. ಇನ್ನೊಂಚೂರ್ ಜಪ್ಪಿ" ಎಂದರು ಎತ್ತಿದವರು.

ಪುಣೆಯಲ್ಲಿ ನಾವು ರೋಗಿಯನ್ನು ಮಂಚಕ್ಕೆ ಕಟ್ಟಿ, ರಾಟೆಗೆ ಭಾರ ತೂಗಿಬಿಟ್ಟು ಸೊಂಟ ಎಳೆಯುತ್ತಿದ್ದೆವು. ಆ ಕೆಲಸವನ್ನು ಬೈಂದೂರಿನವರು ಕೈಯಲ್ಲೇ ಮುಗಿಸಿದ್ದರು. ಹಿರಿಯರ ಕಾಲಿನ ಸೆಳೆತ ಅಂದೇ ಅರ್ಧಕ್ಕರ್ಧ ಹೋಯಿತು. ಉಳಿದರ್ಧ ಕಸರತ್ತಿನಿಂದ ಹೋಯಿತು. ನೇರ ನಡೆದುಕೊಂಡು ನನ್ನ ಬಳಿ ಬಂದು, "ನೀವ್ ಬೇಜಾರ್ ಮಾಡ್ಕಣ್ಬೇಡಿ. ನಂಗ್ ಗುಣ ಆದ್ದ್ ಮುಳ್ಗಿದ್ರಿಂದ ಅಂದೇಳಿ ಊರಂಗೆ ಹೇಳಿದ್ದೆ" ಎಂದರು.

"ನೀವ್ ಮುಳುಗ್ಲೇ ಇಲ್ಲೆ ಅಲ್ದಾ?"

"ಹೌದ್. ಆರೆ ಅಷ್ಟ್ ಜನ ಓಡಿ ಬಂದ್ ಎತ್ತಿ ಬದ್ಕಸ್ರ್. ಈಗ ಮುಳುಗ್ಲಿಲ್ಲೆ ಅಂದ್ರೆ ಅವ್ರಿಗ್ ಎಷ್ಟ್ ಬೇಜಾರ್ ಆತ್ತ್, ನೀವೇ ಹೇಳಿ?"

ಅಬ್ಬಿಯ ಸೊಂಟ

ಹೀಗೆ ಒಂದು ಹೆಸರು 'ಬದ್ನಿಕಾಯಿ'ಗೆ, ಒಂದು ಮಾಡಿಸದ ಸಂಕಲ್ಪಕ್ಕೆ, ಒಂದು ಕಡಲಿಗೆ ಹೋಯಿತು. ಮಳೆ ಹಿಂದೆ ಸರಿದು ದೀಪಾವಳಿ ಹತ್ತಿರ ಬರುತ್ತಿತ್ತು. ಅಪ್ಪಯ್ಯ ಅಟ್ಟದಿಂದ ಟ್ರಂಕು ಇಳಿಸಿ ಬಿಸಿಲಿಗಿಟ್ಟರು. ಹೆಂಡತಿ ಅದರ ಹತ್ತಿರ ಸುಳಿಯುತ್ತಲೇ ಇರಲಿಲ್ಲ, ಅಂಗಳಕ್ಕೆ ಸುತ್ತು ಹಾಕಿ ಬಾವಿಗೆ ಹೋಗುತ್ತಿದ್ದಳು.

ಆಗಲೇ ಒಂದು ಬೆಳಿಗ್ಗೆ ಕಡೆಯುವ ಕಲ್ಲಿನ ಮುಂದೆ ದೋಸೆಗೆ ಅಕ್ಕಿ ಕಡೆಯುತ್ತಿದ್ದ ಅಬ್ಬಿ "ಅಯ್ಯಯ್ಯೋ" ಎಂದು ಕೂತಲ್ಲೇ ವಾಲಿದರು. ಸೊಂಟದಿಂದ ಬಲಗಾಲಿಗೆ ಸೆಳೆತ. ನನ್ನ ರೋಗ, ನನ್ನ ಮನೆಯಲ್ಲೇ! ಮಗನಾದವನು ಹೀಗೆ ಹೇಳಬಾರದು, ಆದರೂ ನನಗೆ ಒಳಗೊಳಗೇ ಸ್ವಲ್ಪ ಹುರುಪು ಬಂತು.

"ಅಬ್ಬಿ, ಕವ್ಚಿ ಮನ್ಕ. ನಾ ಕಾಣ್ತೆ."

"ನೀ ಎಂತ ಕಾಂಬುದ್? ಎಣ್ಣಿ ತಿಕ್ಕಿ, ಮೀಸಿ, ನಿನ್ನ ಸೊಂಟ ನೆಟ್ಟಗ್ ನಿಲ್ಸದ್ದೇ ನಾನ್" ಎಂದರು ಅಬ್ಬಿ, ಅಷ್ಟು ನೋವಿನಲ್ಲೂ. "ನಂಗ್ ಕಾಲ್ ಮುಂದಾಯ್ ಹುಟ್ಟಿದವ್ರ್ ಮೆಟ್ಕ್. ಬೇರೆ ಎಂತದೂ ಆಗ."

ಇದನ್ನು ತಿಳಿಯದವರಿಗಾಗಿ ಹೇಳುತ್ತೇನೆ. ಮಗು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಬಂದರೆ, ಅಂಥವರ ಪಾದಕ್ಕೆ ಒಂದು ಶಕ್ತಿ ಇರುತ್ತದೆಂದು ನಮ್ಮ ಕಡೆ ನಂಬಿಕೆ. ಸೊಂಟ ಹಿಡಿದವರನ್ನು ಅವರು ಪಾದದಿಂದ ಮೆಟ್ಟಿದರೆ ನೋವು ಓಡಿಹೋಗುತ್ತದಂತೆ. ಅಂಥ ಒಬ್ಬ ಅಜ್ಜ ಕೊಲ್ಲೂರಿನ ದಾರಿಯಲ್ಲಿದ್ದಾರೆಂದು ಅಪ್ಪಯ್ಯ ಹುಡುಕಿಕೊಂಡು ಹೋದರು. ಸಂಜೆ ಒಬ್ಬರೇ ಬಂದರು.

"ಅಜ್ಜನೇ ಸೊಂಟ ಹಿಡ್ಕಂಡ್ ಬಿದ್ದಿತ್. ಕಾಲ್ ಎತ್ತುಕ್ ಆತಿಲ್ಲೆ" ಎಂದರು. "ಬೇಕಾರೆ ಅವ್ಳನ್ನೇ ಇಲ್ಲಿಗ್ ತಂದ್ ನನ್ ಕಾಲಡಿಗ್ ಹಾಕಿ ಅಂತ್ ಆ ಅಜ್ಜ."

ಅಬ್ಬಿ ಗೋಡೆಯ ಕಡೆ ಮುಖ ಮಾಡಿ ನರಳಿದರು. ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತ ನನ್ನ ಹೆಂಡತಿ ನೆಲ ನೋಡುತ್ತ ಮೆಲ್ಲಗೆ ಹೇಳಿದಳು: "ಅತ್ತೆ, ನಾನೂ ಕಾಲ್ ಮುಂದಾಯ್ ಹುಟ್ಟಿದ್ದಂಬ್ರ್."

ಅಬ್ಬಿ ಮನೆಯೊಳಗೆ ಹುಲಿ. ಸೊಸೆಯ ಕೈಯಿಂದ ಒಂದು ತಂಬಿಗೆ ಕೆಳಗೆ ಬಿದ್ದರೆ ನಾಲ್ಕು ಮನೆಗೆ ಕೇಳುವಂತೆ ಗದರುವವರು. ಈಗ ಅದೇ ಸೊಸೆಯ ಕಾಲಡಿ ಮಲಗಬೇಕು.

"ಇಷ್ಟ್ ದಿನ ಎಂತಕ್ ಹೇಳ್ಲಿಲ್ಲೆ?" ಎಂದರು ಅಬ್ಬಿ.

"ಅತ್ತೇನ ಮೆಟ್ತೆ ಅಂದೇಳಿ ನಾನಾಯ್ ಹ್ಯಾಂಗ್ ಹೇಳುದ್?"

ಅಪ್ಪಯ್ಯ ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಒತ್ತಿಕೊಂಡು ಅಂಗಳಕ್ಕೆ ಹೋದರು. ನಾನೂ ಅವರ ಹಿಂದೆಯೇ ಹೋಗಬೇಕೆಂದಿದ್ದೆ, ಅಷ್ಟರಲ್ಲಿ ಅಬ್ಬಿಗೆ ಮತ್ತೊಂದು ಸೆಳೆತ ಬಂತು. ಅದರ ಜೊತೆಗೆ ನಿರ್ಧಾರವೂ ಬಂತು. "ಮೆಟ್ ಮಾರಾಯ್ತಿ, ಮೆಟ್! ಪಾಪ ಬಂದ್ರೆ ನಂಗೇ ಬರ್ಲಿ!"

ಹೆಂಡತಿ ಅಬ್ಬಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆದರೆ ಮೆಟ್ಟಲಿಲ್ಲ. "ಅತ್ತೆ, ಬರೀ ಕಾಲ್ ಮುಟ್ಸರೆ ನಾಟುದಿಲ್ಲೆ. ಮೊದಲ್ ಮೈ ಹದ ಆಯ್ಕ್. ಗದ್ದಿ ಹದ ಆಗ್ದೆ ಬಿತ್ತ್ರೆ ಬೆಳೀತ್ತಾ?" ಎಂದಳು. ಆಮೇಲೆ ಬಿಸಿ ಮರಳಿನ ಗಂಟು ತರಿಸಿದಳು. ಕವುಚಿ ಮಲಗಿಸಿದಳು. ಮೊಣಕೈ ಊರಿಸಿ ಎದೆ ಎತ್ತಿಸಿದಳು. ಅಂಗಾತ ಮಲಗಿಸಿ ಕಾಲನ್ನು ನಿಧಾನ ಎತ್ತಿ ಇಳಿಸಲು ಹೇಳಿದಳು. ನಾನು ಬಾಗಿಲ ಸಂದಿನಲ್ಲಿ ಬಾಯಿ ತೆರೆದು ನಿಂತಿದ್ದೆ. ಪುಣೆಯ ಪಾಠ ಮೊದಲಿನಿಂದ ಕೊನೆಯವರೆಗೆ, ಒಂದೂ ಬಿಡದೆ! ನಾನು ಮನೆಯಲ್ಲಿ ಮಾಡುತ್ತಿದ್ದುದನ್ನು ಅವಳು ಯಾವಾಗಲೋ ನೋಡಿ ಕಲಿತಿದ್ದಳು. ನನ್ನ ಮಾತಿಗೆ ಒಮ್ಮೆಯೂ ಮಲಗದ ಅಬ್ಬಿ ಪಾದದ ಆಸೆಗೆ ಎಲ್ಲವನ್ನೂ ಮಾಡಿದರು. ಕೊನೆಗೆ ಹೆಂಡತಿ, ಬಿಸಿನೀರು ಹದವಾಗಿದೆಯೇ ಎಂದು ನೋಡುವಷ್ಟು ಹಗುರವಾಗಿ ಹೆಬ್ಬೆರಳು ತಾಗಿಸಿ, ಮತ್ತೆ ನಮಸ್ಕಾರ ಮಾಡಿದಳು.

ಮರುದಿನದಿಂದ ಹದ ಮಾಡುವ ಪಾಲನ್ನು ಅವಳು ನನಗೆ ಬಿಟ್ಟಳು, ದಿನಾ ಇದೇ ನಡೆಯಿತು. ದೀಪಾವಳಿಗೆ ಮುಂಚೆಯೇ ಅಬ್ಬಿ ಮತ್ತೆ ಕಡೆಯುವ ಕಲ್ಲಿನ ಮುಂದೆ ಕೂತರು. ಬಾವಿಕಟ್ಟೆಯಲ್ಲಿ "ನನ್ ಸೊಸಿ ಕಾಲ್ ಅಂದ್ರೆ ಎಂತ ಅಂದ್ಕಂಡ್ರಿ!" ಎಂದು ಊರಿಗೆಲ್ಲ ಸಾರಿದರು. ಸೊಸೆ ಮೆಟ್ಟಿದ್ದನ್ನು ಇಷ್ಟು ಹೆಮ್ಮೆಯಿಂದ ಹೇಳಿಕೊಂಡ ಅತ್ತೆ ಕುಂದಾಪುರದಲ್ಲಿ ಬೇರೆ ಇರಲಾರರು.

ಜನ ಅಂಗಳಕ್ಕೆ ಬರತೊಡಗಿದರು. ಹೆಂಗಸರಿಗೆ ಹೆಂಡತಿಯ ಪಾದ. ಗಂಡಸರಿಗಾದರೆ ಅವಳು ಮೆಟ್ಟಿ ಕೊಟ್ಟ ಬೈರಾಸು, ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಕು. ಎಲ್ಲರನ್ನೂ ಮೊದಲು 'ಹದ' ಮಾಡುವ ಕೆಲಸ ನನ್ನದು. ಬ್ರಹ್ಮಾವರದ ಒಡೆಯರೂ ಬಂದರು, ಬಂದವರು ಯಾರನ್ನೂ ಕರೆತರದೆ ತಾವೇ ಕವುಚಿ ಮಲಗಿ ಎದೆ ಎತ್ತಿದರು. ಗುಣವೂ ಆಯಿತು.

ಅಪ್ಪಯ್ಯ ಎಲ್ಲವನ್ನೂ ನೋಡಿ ನನ್ನನ್ನು ಕರೆದರು. "ಜನ ಹೇಳುದ್ ನನ್ ಕಿವಿಗ್ ಬಿತ್ತ್. ಎಲ್ರೂ ಆ ಹೆಣ್ಣಿನ್ ಹೆಸ್ರೇ ಹೇಳ್ತ್ರ್. ನಿನ್ ಹೆಸ್ರ್ ಒಬ್ರೂ ಹೇಳ್ಲಿಲ್ಲೆ. ಬಟ್ಟಿ ಟ್ರಂಕಿಗ್ ಹಾಕ್."

ಬೊಂಬಾಯಿ ಮಾವ

ಮಾವ ರೈಲು, ಬಸ್ಸು, ದೋಣಿ ಎಲ್ಲ ಹತ್ತಿ ಇಳಿದು ಬಂದು ತಲುಪಿದಾಗ ಅವರ ಸೊಂಟ ಒಂದು ಕಡೆ, ಕಾಲು ಒಂದು ಕಡೆ ಆಗಿತ್ತು. ಇಬ್ಬರ ಹೆಗಲು ಹಿಡಿದು ಮೆಟ್ಟಿಲು ಹತ್ತಿದರು. "ನಾ ಒಂಚೂರ್ ಕಾಣ್ಲಾ ಮಾವ?" ಎಂದು ಮುಂದೆ ಹೋದೆ.

"ನೀ ಚಾ ಲೋಟ ಹಿಡುದ್ ಕಲಿ. ಎಲ್ಲಿತ್ತ್ ನಿನ್ ಹೆಂಡ್ತಿ?" ಎಂದರು. ಸುದ್ದಿ ಬಸ್ಸಿನಲ್ಲೇ ಸಿಕ್ಕಿತ್ತಂತೆ.

ಹಬ್ಬ ಮುಗಿಯುವವರೆಗೆ ದಿನಾ ನಾನು ಅವರನ್ನು ಹದ ಮಾಡಿದೆ, ದಿನಾ ಅವರು ಬೈರಾಸನ್ನು ಭಕ್ತಿಯಿಂದ ಕಟ್ಟಿಕೊಂಡರು. ಹೊರಡುವ ದಿನ ಮಾವ ಬೆತ್ತದ ಹಾಗೆ ನೆಟ್ಟಗಿದ್ದರು. ನನ್ನ ಟ್ರಂಕು ಜಗಲಿಯಲ್ಲಿತ್ತು. ಹೆಂಡತಿ ಬಾಗಿಲ ಹಿಂದೆ ನಿಂತಿದ್ದಳು.

ಮಾವ ಟ್ರಂಕು ನೋಡಿದರು, ನನ್ನನ್ನು ನೋಡಿದರು. "ಭಾವ, ಇವ್ನನ್ನ ಕರ್ಕಂಡ್ ಹೋಯ್ ಎಂತ ಮಾಡುದ್? ಚಾ ಕೊಡುಕೆ ನಂಗ್ ಜನ ಇತ್ರ್. ಕರ್ಕಂಡ್ ಹೋಪುದಾರೆ ಈ ಹೆಣ್ಣನ್ನ. ಬೊಂಬಾಯಂಗೆ ಸೊಂಟ ನೆಟ್ಟಗಿಪ್ಪುವವ್ರ್ ಒಬ್ರೂ ಇಲ್ಲೆ!"

ಅಬ್ಬಿ ಒಳಗಿಂದ ಬಾಣದ ಹಾಗೆ ಬಂದರು. "ನನ್ ಸೊಸಿ ಈ ಹೊಸ್ಲ್ ದಾಟ್ರೆ ನಾ ಮತ್ತೆ ಹಾಸ್ಗಿ ಹಿಡಿತೆ! ಬೇಕಾರೆ ಮಗನ್ನ ಕರ್ಕಂಡ್ ಹೋಗ್. ಅಲ್ಲೇ ಇಟ್ಕ."

ಹೆತ್ತ ತಾಯಿ! ನಾನು ಟ್ರಂಕಿನ ಮೇಲೆ ಕೂತುಬಿಟ್ಟೆ. ಆಗ ಬಾಗಿಲ ಹಿಂದಿನಿಂದ ಹೆಂಡತಿಯ ದನಿ ಬಂತು. "ನಾ ಎಲ್ಲಿಗೂ ಹೋಪುದಿಲ್ಲೆ ಅತ್ತೆ. ಆರೆ ಇವ್ರ್ ಹದ ಮಾಡಿ ಕೊಡ್ದಿರೆ ನನ್ ಕಾಲ್ ಯಾರಿಗೂ ನಾಟುದಿಲ್ಲೆ."

ಅಬ್ಬಿಯ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಆಮೇಲೆ ಮಾವನ ಕಡೆ ತಿರುಗಿ, "ತಮ್ಮ, ಬಸ್ಸಿಗ್ ಹೊತ್ತಾಯ್ತ್, ನೀ ಹೊರ್ಡ್" ಎಂದರು. ಅಪ್ಪಯ್ಯ ನನ್ನನ್ನು ಎಬ್ಬಿಸಿ ಟ್ರಂಕನ್ನು ತಾವೇ ಒಳಗೆ ತೆಗೆದುಕೊಂಡು ಹೋದರು.

ಅದಾಗಿ ಸ್ವಲ್ಪ ದಿನಕ್ಕೆ ಕೆರಾಡಿಯಿಂದ ಹೆಂಡತಿಯ ತಾಯಿ ಬಂದರು. ಅಬ್ಬಿ ಅವರಿಗೆ ಒಳ್ಳೆಯ ಚಾಪೆ ಹಾಸಿ, "ಎಂಥಾ ಮಗ್ಳನ್ನ ಹೆತ್ತದ್ದ್ ನೀವ್! ಕಾಲ್ ಮುಂದಾಯ್ ಹುಟ್ಟಿದ್ದ್ ಅಂದ್ರೆ ಸಾಮಾನ್ಯವಾ?" ಎಂದು ಕೈ ಹಿಡಿದುಕೊಂಡರು. ಆ ತಾಯಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿ ಓಡಿ ಬಂದು ನೀರಿನ ಜೊತೆ ಕೊಡುವ ಬೆಲ್ಲದ ದೊಡ್ಡ ತುಂಡನ್ನು ಅವರ ಬಾಯಿಗೇ ಇಟ್ಟಳು.

ಮಧ್ಯಾಹ್ನ ಊಟವಾದ ಮೇಲೆ ಆ ತಾಯಿ ನನ್ನನ್ನು ಕಣ್ಸನ್ನೆಯಲ್ಲಿ ತೆಂಗಿನ ಮರದ ಬುಡಕ್ಕೆ ಕರೆದರು. "ಹ್ವಾಯ್, ಇದೆಂತ ಕತಿ? ನನ್ ಹೆಣ್ಣ್ ತಲಿ ಮುಂದಾಯೇ ಹುಟ್ಟಿದ್ದ್. ಹೆತ್ತ ನಂಗ್ ಗೊತ್ತಿಲ್ಯಾ?"

ಮೊದಲು ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಅತ್ತೆಯ ಮುಂದೆ ದನಿ ಎತ್ತದ ಹೆಣ್ಣು, ನಾನು ಊರಲ್ಲೇ ಉಳಿಯಲಿ ಎಂದು ಇಷ್ಟು ದೊಡ್ಡ ಸುಳ್ಳನ್ನು ಅಷ್ಟು ಮೆಲ್ಲಗೆ ಹೇಳಿದ್ದಳು. ಅವಳ ಮೇಲೆ ಅಂದು ಹುಟ್ಟಿದ ಪ್ರೀತಿಗೆ ಅಳತೆಯಿಲ್ಲ. ಆ ತಾಯಿಗೆ ಎಲ್ಲವನ್ನೂ ಹೇಳಿ, ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದು ಕೈ ಮುಗಿದೆ.

"ಶೀ, ನಾ ಎಂತಕ್ ಹೇಳುದ್?" ಎಂದರು. ಆಮೇಲೆ ಆಚೆ ಈಚೆ ನೋಡಿ, ಬಲತೊಡೆಯನ್ನು ನೀವಿಕೊಳ್ಳುತ್ತ ದನಿ ತಗ್ಗಿಸಿದರು. "ಅದ್ ಹಾಂಗಿರ್ಲಿ. ನಾ ಬಂದದ್ದೇ ಈ ಕಾಲ್ ಸೆಳಿತ್ತ್ ಅಂದೇಳಿ. ನೀವೊಂದ್ ಮಾತ್ ಹೇಳಿ, ನಾ ಹೊರ್ಡುಕ್ ಮುಂಚೆ ಹೆಣ್ಣ್ ಒಂಚೂರ್ ಕಾಲ್ ಮುಟ್ಸ್ಲಿ."

"ತಲಿ ಮುಂದಾಯ್ ಹುಟ್ಟಿದ್ದ್ ಅಂದೇಳಿ ನೀವೇ ಈಗ ಹೇಳಿದ್ದಲ್ದಾ?" ಎಂದೆ.

"ಹುಟ್ಟಿದ್ದ್ ಹೌದ್" ಎಂದರು ಅವರು. "ಆರೆ ಇಷ್ಟ್ ಜನ್ರಿಗ್ ಗುಣ ಆಯಿತ್ತಲ್ದಾ, ಅದೆಲ್ಲಾ ಸುಳ್ಳಾ?"